ರಂಧ್ರಮೀಮಾಂಸೆ: ಲೇಸ್ ಶಾಲು ಮತ್ತು ಕರಿಕಂಬಳಿಯನ್ನು ಕುರಿತ ಒಂದು ಅಧಿಕರಣ

ಮೀಮಾಂಸಕರ ಪ್ರಕಾರ ಯಾವ ವಿಚಾರಕ್ಕೂ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಯಜ್ಞದ ಹವಿಸ್ಸಿಗೆ ಅನ್ವಯಿಸಿದ ಈ ಕ್ರಮವನ್ನು ಕುರಿಯ ತುಪ್ಪಟಕ್ಕೂ ಅನ್ವಯಿಸಬಹುದೆಂದು ಜೈಮಿನಿ ಹೇಳಿಲ್ಲ, ಕೂಡದೆಂದೂ ಹೇಳಿಲ್ಲ. ಆದ್ದರಿಂದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಪ್ರಮಾಣಭೂಮಿಯಾಗಿ ಹಿಡಿದು ವಿಚಾರಕ್ಕೆ ಇಳಿಯಲು ಅಡ್ಡಿಯಿಲ್ಲ.

ವಿಷಯ

ಉಣ್ಣೆಯ ನೂಲಿನಿಂದ ಎರಡು ಬಗೆಯ ಹೊದಿಕೆಗಳಾಗುತ್ತವೆ. ಒಂದರಲ್ಲಿ ತೂತು ಬೇಕೆಂದೇ ಮಾಡುತ್ತಾರೆ, ಇನ್ನೊಂದರಲ್ಲಿ ತೂತು ಉಳಿಯದಂತೆ ನೋಡಿಕೊಳ್ಳುತ್ತಾರೆ.

ಮೊದಲನೆಯದು ಲೇಸ್ ಶಾಲು. ಹೆಣೆಯುವವರು ಕಡ್ಡಿಗೆ ನೂಲನ್ನು ಒಂದು ಸುತ್ತು ಹೆಚ್ಚಿಗೆ ಹಾಕಿದರೆ ತೂತು ಹುಟ್ಟುತ್ತದೆ. ಅದರಿಂದ ಒಂದು ಕುಣಿಕೆ ಜಾಸ್ತಿಯಾಯಿತಲ್ಲ, ಅದಕ್ಕಾಗಿ ಬೇರೆ ಎರಡು ಕುಣಿಕೆಗಳನ್ನು ಸೇರಿಸಿ ಒಂದು ಮಾಡುತ್ತಾರೆ. ಪ್ರತಿ ತೂತಿಗೂ ಒಂದು ಪ್ರಾಯಶ್ಚಿತ್ತ. ಕೊನೆಗೆ ಶಾಲನ್ನು ನೆನೆಸಿ, ಎಳೆದು, ಗುಂಡುಸೂಜಿ ಚುಚ್ಚಿ ಒಣಹಾಕಿದರೆ ತೂತುಗಳೆಲ್ಲ ಕಣ್ಣುಬಿಡುತ್ತವೆ.

ಎರಡನೆಯದು ಕುರುಬರ ಕರಿಕಂಬಳಿ. ದಖನಿ ತಳಿಯ ಕುರಿಗಳಲ್ಲಿ ಹೆಚ್ಚಿನವು ಕಪ್ಪಾದ್ದರಿಂದ ಬಣ್ಣದ ಖರ್ಚಿಲ್ಲ. ಕುರಿಯ ಮೈ ತೊಳೆದು, ಉಣ್ಣೆ ಕತ್ತರಿಸಿ, ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಬಳಿಯುತ್ತಾರೆ, ಎಳೆ ಬಿಗಿಯಾಗುತ್ತದೆ. ಹುಣಸೆ ಈ ನಾಲ್ಕು ತಾಲ್ಲೂಕುಗಳಿಗೆ ಹೊರಗಿನಿಂದ ತರಿಸಬೇಕಾದ ಪದಾರ್ಥವಲ್ಲ. ಹುಳಿ ಸಾರಿಗೆ, ಬೀಜ ಕಂಬಳಿಗೆ ಎಂಬ ಈ ವಿಭಾಗವನ್ನು ಯಾವ ಅರ್ಥಶಾಸ್ತ್ರಜ್ಞರೂ ಇನ್ನೂ ಹೊಗಳಿಲ್ಲ. ಆಮೇಲೆ ಗುಂಡಿ ಮಗ್ಗ, ಲಾಳಿ, ಸದ್ದು.

ಸಂಶಯ

ಇವೆರಡರಲ್ಲಿ ಶ್ರೇಷ್ಠ ಯಾವುದು?

ಪೂರ್ವಪಕ್ಷ

ಲೇಸ್ ಪಕ್ಷದವರು ಮೂರು ಹೇತು ಕೊಡುತ್ತಾರೆ. ಮೊದಲನೆಯದು ಉಂಗುರ. ಸ್ಕಾಟ್ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಲೇಸ್ ಶಾಲು, ರಷ್ಯಾದ ಒರೆನ್‌ಬುರ್ಗಿನಲ್ಲಿ ಮೇಕೆಯ ನಯವಾದ ತುಪ್ಪಳದಿಂದ ಹೆಣೆಯುವ ಶಾಲು, ಇವು ಮದುವೆಯ ಉಂಗುರದೊಳಗೆ ತೂರಿ ಆಚೆ ಬರುತ್ತವೆಂದು ಪ್ರಸಿದ್ಧಿ. ಕಂಬಳಿಯನ್ನು ಎತ್ತಿನ ಕೊರಳಪಟ್ಟಿಯೊಳಗೆ ತೂರಿಸಲೂ ಇಬ್ಬರು ಬೇಕು.

ಎರಡನೆಯದು ಮೈಸ್ಪರ್ಶ. ಮೆರಿನೊ ಕುರಿಯ ಎಳೆ ಸಾಮಾನ್ಯವಾಗಿ 24 ಮೈಕ್ರಾನಿನೊಳಗೆ ಇರುತ್ತದೆ. ಸುಮಾರು 30 ಮೈಕ್ರಾನ್ ದಾಟಿದ ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ. ದಖನಿ ಉಣ್ಣೆಯಲ್ಲಿ ಅಂಥ ಎಳೆಗಳು ಧಾರಾಳ.

ಮೂರನೆಯದು ಇತಿಹಾಸ. 1687ರಿಂದ ಶಿರಾ ಮೊಗಲರ ಸುಬಾದ ರಾಜಧಾನಿ. ಅಕ್ಬರನ ಕಾಲದಿಂದ ಮೊಗಲರಿಗೆ ಕಾಶ್ಮೀರದ ಶಾಲಿನ ಮೋಹ. ಆದ್ದರಿಂದ ಶಿರಾದ ನಿಜವಾದ ಪರಂಪರೆ ನಯವಾದ ಶಾಲೇ ಎಂದು ಪೂರ್ವಪಕ್ಷಿ ಕುಳಿತುಬಿಡುತ್ತಾನೆ.

ಸಿದ್ಧಾಂತ

ಮೂರನೆಯದನ್ನು ಮೊದಲು ಮುಗಿಸೋಣ. ಸುಬೇದಾರರ ಕಾಲದ ಕಟ್ಟಡಗಳು ಶಿರಾದಲ್ಲಿವೆ; ಅವನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಶಾಲಿನ ಒಂದು ಎಳೆಯನ್ನೂ ಪೂರ್ವಪಕ್ಷಿ ತೋರಿಸಿಲ್ಲ. ಕಾಣದಿರುವುದೂ ಒಂದು ಪ್ರಮಾಣವೆಂದು ಕುಮಾರಿಲ ಭಟ್ಟರೇ ಒಪ್ಪಿದ್ದಾರೆ. ಕಂಬಳಿಗೆ ಈ ತೊಂದರೆಯಿಲ್ಲ: 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕುರುಬರನ್ನೂ ಅವರ ಕಂಬಳಿಗಳನ್ನೂ ಬರೆದಿಟ್ಟು ಹೋಗಿದ್ದಾನೆ.

ಇನ್ನು ಉಂಗುರದ ಪರೀಕ್ಷೆ. ಕುರಿ ಕಾಯುವವನಿಗೆ ಉಂಗುರದಲ್ಲಿ ಹೊದಿಕೆ ತೂರಿಸುವ ಸಂದರ್ಭ ಬರುವುದಿಲ್ಲ. ಬಟಾಬಯಲಿನಲ್ಲಿ ಮಳೆ ಹಿಡಿಯುವ ಸಂದರ್ಭ ಬರುತ್ತದೆ. ಆಗ ಅವನು ಕಂಬಳಿಯನ್ನು ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾನೆ. ಉಣ್ಣೆಯ ಎಳೆ ಹೊರಮೈಯಲ್ಲಿ ಹನಿಯನ್ನು ಜಾರಿಸುತ್ತದೆ, ಒಳಗೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಕೊಂಡೂ ಒದ್ದೆಯೆನಿಸುವುದಿಲ್ಲ. ಒರಟು ನೂಲಿನ ದಟ್ಟ ನೇಯ್ಗೆಯಲ್ಲಿ ನೀರು ಇಳಿಯಲು ದಾರಿ ಸಿಗುವುದು ನಿಧಾನ. ಇದೇ ಮಳೆಯಲ್ಲಿ ಲೇಸ್ ಶಾಲು ಹೊದ್ದವನು ಪ್ರತಿ ತೂತಿನ ಕಲಾತ್ಮಕತೆಯನ್ನೂ ಬೆನ್ನಿನ ಮೇಲೆ ಪ್ರತ್ಯೇಕವಾಗಿ ಅನುಭವಿಸುತ್ತಾನೆ.

ಚುಚ್ಚುತ್ತದೆ ಎಂಬ ಆಕ್ಷೇಪವನ್ನು ಸಿದ್ಧಾಂತಿ ಅಲ್ಲಗಳೆಯುವುದಿಲ್ಲ. ಅದನ್ನೇ ಗುಣವೆಂದು ಸ್ಥಾಪಿಸುತ್ತಾನೆ. ಬಯಲುಸೀಮೆಯಲ್ಲಿ ತೋಳವಿದೆ. ಮಂದೆಯ ಪಕ್ಕ ಮಲಗಿದವನಿಗೆ ಗಾಢನಿದ್ರೆ ಬರಿಸುವ ಹೊದಿಕೆ ತೋಳದ ಪಕ್ಷಪಾತಿ. ಜೊತೆಗೆ ಇದೇ ಕಂಬಳಿ ಹಾಸಿಗೆ, ಕಾಳು ಒಣಗಿಸುವ ಹಾಸು, ಮನೆಗೆ ಬಂದ ನೆಂಟರಿಗೆ ಆಸನ. ಕಾಡುಗೊಲ್ಲರ ಹಟ್ಟಿಗಳಲ್ಲಿ ಕರಿಕಂಬಳಿಯ ಗದ್ದಿಗೆಗೆ ದೈವದ ಮರ್ಯಾದೆ. ಕುರುಬರಲ್ಲಂತೂ ಮದುವೆಯಲ್ಲಿ ಕಟ್ಟುವ ಕಂಕಣದ ಮೇಲೆಯೇ ಉಣ್ಣೆ ಕಂಕಣದವರು, ಹತ್ತಿ ಕಂಕಣದವರು ಎಂಬ ಪಂಗಡಗಳಿವೆ. ಲೇಸ್ ಹೆಣಿಗೆ ಇನ್ನೂ ಯಾರ ಬೀಗತನವನ್ನೂ ನಿರ್ಧರಿಸಿಲ್ಲ.

ಇಲ್ಲೊಂದು ಉಪಾಕ್ಷೇಪ. ನುಸಿ ಹಿಡಿದ ಕಂಬಳಿಯಲ್ಲೂ ತೂತುಗಳಾಗುತ್ತವೆ; ಹಾಗಾದರೆ ಹಳೆಯ ಕಂಬಳಿಯೆಲ್ಲ ಲೇಸ್ ಆಗಲಿಲ್ಲವೇ? ಆಗಲಿಲ್ಲ. ನುಸಿಯ ಮರಿ ಉಣ್ಣೆಯ ಕೆರಾಟಿನ್ ತಿಂದು ತೂತು ಮಾಡುತ್ತದೆಯೇ ಹೊರತು ಕುಣಿಕೆ ಸೇರಿಸಿ ಲೆಕ್ಕ ಒಪ್ಪಿಸುವುದಿಲ್ಲ. ಪ್ರಾಯಶ್ಚಿತ್ತವಿಲ್ಲದ ತೂತು ಬರೀ ತೂತು.

ಸಂಗತಿ

ವಾದದಲ್ಲಿ ಗೆದ್ದ ಕಂಬಳಿ ಸಂತೆಯಲ್ಲಿ ಸೋಲುತ್ತಿದೆ. ಪಾಣಿಪತ್ತಿನ ಗಿರಣಿಗಳು ಹಳೆಬಟ್ಟೆಯ ಚಿಂದಿಯನ್ನು ಮತ್ತೆ ನೂಲಾಗಿಸಿ ಮಾಡುವ ರಗ್ಗು ಅಗ್ಗ, ಹಗುರ, ಹೂವಿನ ಚಿತ್ತಾರದ್ದು. ಹೆಣಿಗೆಯವರು ಅಂಗಡಿಯಿಂದ ತರುವ ಉಲ್ಲನ್ ದಾರವೂ ಬಹುಪಾಲು ಅಕ್ರಿಲಿಕ್. ಅದು ಪೆಟ್ರೋಲಿಯಂ ಕುಲದ್ದು, ಕುರಿಯ ಮುಖ ಕಂಡದ್ದಲ್ಲ. ಹೀಗೆ ಪೂರ್ವಪಕ್ಷ, ಸಿದ್ಧಾಂತ ಎರಡೂ ಒಟ್ಟಿಗೆ ಉಣ್ಣೆಯನ್ನು ಕೈಬಿಟ್ಟಿವೆ.

ಕುರಿಯೂ ಬದಲಾಗಿದೆ. ಮಾಂಸಕ್ಕೆ ಬೆಲೆ ಬಂದ ಮೇಲೆ ಉಣ್ಣೆಯಿಲ್ಲದ ನೆಲ್ಲೂರು ಟಗರನ್ನು ಮಂದೆಗೆ ಬಿಡುವುದು ಹೆಚ್ಚಿತು. ಮರಿಗಳ ಮೈಮೇಲೆ ತುಪ್ಪಟ ತೆಳುವಾಯಿತು. ದಖನಿನ ಹಲವೆಡೆ ಉಣ್ಣೆ ಮಾರಿದ ದುಡ್ಡು ಅದನ್ನು ಕತ್ತರಿಸಿದ ಕೂಲಿಗೂ ಸಾಲದೆ, ಕತ್ತರಿಸಿದ್ದನ್ನು ಅಲ್ಲೇ ಬಿಟ್ಟು ಮಂದೆ ಮುಂದೆ ಹೋಗುತ್ತದೆ.

ಇತ್ತ ಪಾವಗಡದ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಕುರಿ ಮೇಯುತ್ತಿದ್ದ ಬಯಲಿಗೆ ಬೇಲಿ ಬಂದಿದೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸೋಲಾರ್ ಫಲಕಗಳ ಕೆಳಗಿನ ಹುಲ್ಲು ತೆಗೆಯಲು ಕುರಿಗಳನ್ನೇ ಬಿಡುವ ರೂಢಿಯಿದೆ. ಆ ಪದ್ಧತಿ ಇಲ್ಲಿಗೂ ಬಂದು ಬೇಲಿಯ ಬಾಗಿಲು ಮಂದೆಗೆ ತೆರೆದರೆ, ಫಲಕದ ನೆರಳಲ್ಲಿ ಮೇದ ಕುರಿಯ ಉಣ್ಣೆ ಕತ್ತರಿಸುವ ಕೂಲಿ ನಿರ್ವಹಣಾ ವೆಚ್ಚಕ್ಕೆ ಸೇರಬೇಕೋ ಬೇಡವೋ? ಇದು ಮುಂದಿನ ಅಧಿಕರಣದ ವಿಷಯ. ಸಿದ್ಧಾಂತಿಯ ಸ್ಥಾನಕ್ಕೆ ಕುರಿಗಾಹಿಗಳು ಆಗಲೇ ಬಂದು ಕೂತಿದ್ದಾರೆ; ಪೂರ್ವಪಕ್ಷ ಮಂಡಿಸಲು ಬೇಲಿಯ ಒಳಗಿನವರು ಯಾರಾದರೂ ಹೊರಗೆ ಬರಬೇಕಷ್ಟೆ.