ಶೀರ್ಷಿಕಾಗೀತ ಮೀಮಾಂಸೆ: ಕುಂದಾಪುರ ಸೀಮೆಯ ಉರ್ದು ಕಣ್ಣೀರನ್ನು ಕುರಿತು

ಅಥಾತೋ ಹಾಡಿನ ಜಿಜ್ಞಾಸೆ. ಶಾಸ್ತ್ರವೆಂದ ಮೇಲೆ ಹೀಗೆಯೇ ಶುರುವಾಗಬೇಕು. ಹೀಗೆ ಶುರುವಾಗದಿದ್ದರೆ ವಿದ್ವಾಂಸರು ಓದುವುದಿಲ್ಲ, ಶುರುವಾದರೆ ಉಳಿದವರು ಓದುವುದಿಲ್ಲ. ಎರಡೂ ಕಡೆ ನಷ್ಟವೇ ಆದ್ದರಿಂದ ಗ್ರಂಥಕಾರ ನಿಶ್ಚಿಂತನಾಗಿದ್ದಾನೆ.

ವಿಷಯ ಇಷ್ಟು. ತೆಂಕಲಾಗಿ ಸ್ವರ್ಣಾ ನದಿ, ಬಡಗಲಾಗಿ ಶಿರೂರು, ಇವುಗಳ ನಡುವೆ ಹರಡಿರುವ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಲ್ಲಿ ಉರ್ದು ಧಾರಾವಾಹಿಗಳ ಶೀರ್ಷಿಕೆ ಗೀತೆಯನ್ನು ಒಂದು ಮಾತೂ ತಿಳಿಯದೆ ಸವಿಯುವ ಸಹೃದಯ ಪಂಗಡವೊಂದಿದೆ. ಅವರ ಸಂಖ್ಯೆ ಎಷ್ಟೆಂದು ಕೇಳಬೇಡಿ. ಎಣಿಸಲು ಹೊರಟವನು ಎರಡನೆಯ ಮನೆಯಲ್ಲೇ ಹಾಡು ಕೇಳುತ್ತ ಕೂತುಬಿಟ್ಟ.

ಮಾತು ತಿಳಿದು ಸವಿಯುವವರೂ ಇದ್ದಾರೆ. ಶಿರೂರು, ಗಂಗೊಳ್ಳಿಯ ಮನೆಗಳಲ್ಲಿ ಉರ್ದು ಹೊರಗಿನದಲ್ಲ. ಎಂಬತ್ತರ ದಶಕದಲ್ಲಿ ‘ತನ್ಹಾಯಿಯಾಂ’, ‘ಧೂಪ್ ಕಿನಾರೆ’ಯಂಥ ಪಾಕಿಸ್ತಾನದ ಪಿಟಿವಿ ನಾಟಕಗಳು ವಿಡಿಯೊ ಕ್ಯಾಸೆಟ್ಟಿನಲ್ಲಿ ಗಡಿ ದಾಟಿ ಭಾರತದ ಮನೆಗಳಿಗೆ ಬಂದಿದ್ದವು. ಅಂಥವುಗಳನ್ನು ಮಾತು ತಿಳಿದು ನೋಡಿದವರು ಈ ಶಾಸ್ತ್ರದ ಪರಿಭಾಷೆಯಲ್ಲಿ ಅಧಿಕಾರಿಗಳು. ನಮ್ಮ ಅಧ್ಯಯನ ಅನಧಿಕಾರಿಗಳದ್ದು. 2014ರ ಜೂನ್‌ನಲ್ಲಿ ‘ಜಿಂದಗಿ’ ಎಂಬ ಚಾನೆಲ್ ಶುರುವಾಗಿ ‘ಜಿಂದಗಿ ಗುಲ್ಜಾರ್ ಹೈ’, ‘ಹಮ್‌ಸಫರ್’ ಮುಂತಾದವು ಕೇಬಲ್ಲಿನಲ್ಲೇ ಹರಿದು ಬಂದಾಗ ಹುಟ್ಟಿದ ಪಂಗಡ ಇದು.

ಇನ್ನು ಲಕ್ಷಣ. ಕಿಟಕಿ ಗಾಜಿನ ಮೇಲೆ ಮಳೆ, ಮೆಟ್ಟಿಲ ಮೇಲೆ ಒಂಟಿ ಹೆಂಗಸು, ಎಲ್ಲಿಗೂ ತಲುಪದ ಕಾರು ಓಡಿಸುವ ಗಂಡಸು, ಬೀಳುವ ಒಂದು ಗಾಜಿನ ಸಾಮಾನು, ಇವು ವಿಭಾವಗಳು. ಹಿಂದಿನಿಂದ ರಾಹತ್ ಫತೇ ಅಲಿ ಖಾನರಂಥವರ ಆಲಾಪ ಎದ್ದಿತೆಂದರೆ ಸಂಚಾರಿ ಭಾವಗಳು ಸಂಚಾರ ನಿಲ್ಲಿಸಿ ಅಲ್ಲೇ ಠಿಕಾಣಿ ಹೂಡುತ್ತವೆ. ಪಾಕಿಸ್ತಾನದಲ್ಲಿ ಇದನ್ನು ‘ಓಎಸ್‌ಟಿ’ ಎನ್ನುತ್ತಾರೆ. ನಮ್ಮ ಈಗಿನ ಧಾರಾವಾಹಿಗಳ ಹಾಡಿನಲ್ಲಿ ನಾಯಕಿಯ ಹೊಗಳಿಕೆ ಇರುತ್ತದೆ. ಅವರದ್ದರಲ್ಲಿ ಹಣೆಬರಹದ ಮೇಲೆ ದೂರು ಇರುತ್ತದೆ. ಕರಾವಳಿಯವರಿಗೆ ಯಾವುದು ಹತ್ತಿರವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪೂರ್ವಪಕ್ಷ: ಅರ್ಥ ತಿಳಿಯದೆ ರಸ ಹುಟ್ಟುವುದು ಹೇಗೆ?

ಬೆಂಗಳೂರಿನಿಂದ ರಜೆಗೆ ಬಂದ ಮಗನೊಬ್ಬ ಇದೇ ಪೂರ್ವಪಕ್ಷವನ್ನು ಕೋಟದ ಮನೆಯ ಜಗಲಿಯಲ್ಲಿ ಹೂಡಿದ. “ಅಬ್ಬಿ, ಆ ಹಾಡ್ ನಿಂಗ್ ಅರ್ಥ ಆತ್ತಾ?” ಉತ್ತರಪಕ್ಷ ಒಳಗಿನಿಂದ ಬಂತು: “ಅರ್ಥ ಎಂತಕ್ಕೆ ಮಗಾ? ಅವ್ಳ್ ಮರ್ಕುದ್ ಕೇಂತಿಲ್ಯಾ?” ಇಷ್ಟರಲ್ಲಿ ವಾದ ಮುಗಿಯಿತು. ಆದರೂ ಶಾಸ್ತ್ರಗ್ರಂಥ ಇಷ್ಟು ಬೇಗ ಮುಗಿಯಬಾರದಾದ್ದರಿಂದ ಮುಂದುವರಿಸುತ್ತೇನೆ. ಬಡಗುತಿಟ್ಟಿನ ಆಟಕ್ಕೆ ಹೋದವರು ನೆನಪಿಸಿಕೊಳ್ಳಲಿ. ಚಂಡೆ ಏರಿದ ಮೇಲೆ ಭಾಗವತರ ಪದದಲ್ಲಿ ಎಷ್ಟು ಅಕ್ಷರ ಕಿವಿಗೆ ಬೀಳುತ್ತದೆ? ಹಾಗೆಂದು ಯಾರಾದರೂ ಎದ್ದು ಮನೆಗೆ ಹೋದದ್ದುಂಟೆ? ರಾತ್ರಿಯಿಡೀ ಬಯಲಲ್ಲಿ ಕೂತು, ಅರ್ಧ ಕೇಳಿ, ಅರ್ಧ ತೂಕಡಿಸಿ, ಬೆಳಿಗ್ಗೆ ಎದ್ದು “ಪದ ಅಡ್ಡಿಲ್ಲ” ಎಂದು ತೀರ್ಪು ಕೊಡುವ ಈ ಜನಕ್ಕೆ ಉರ್ದು ಒಂದು ಅಡ್ಡಿಯೇ?

‘ಹಮ್‌ಸಫರ್’ನ ಹಾಡು ಈ ಮೀಮಾಂಸೆಗೆ ಮುಖ್ಯ ಪ್ರಮಾಣ. ಕುರತ್‌ಉಲ್‌ಐನ್ ಬಲೋಚ್ ಹಾಡಿದ ಆ ಗಜಲನ್ನು ಬರೆದವರು ನಸೀರ್ ತುರಾಬಿ. ಧಾರಾವಾಹಿ ಬಂದದ್ದು 2011ರಲ್ಲಿ. ಗಜಲು ಹುಟ್ಟಿದ್ದು 1971ರಲ್ಲಿ, ಢಾಕಾ ಕೈಬಿಟ್ಟುಹೋದ ಸಂಕಟದಲ್ಲಿ. ಅಂದರೆ ಒಂದು ದೇಶ ಎರಡಾದ ದುಃಖ ನಲವತ್ತು ವರ್ಷ ಕಾದು ಕೂತು, ಅತ್ತೆಯ ಕುತಂತ್ರದಿಂದ ಗಂಡ-ಹೆಂಡತಿ ದೂರವಾಗುವ ಕತೆಗೆ ಒದಗಿ ಬಂತು. ಅದೇ ಹಾಡು ತ್ರಾಸಿಗೋ ಹೆಮ್ಮಾಡಿಗೋ ತಲುಪುವಷ್ಟರಲ್ಲಿ ದುಬೈ ವಿಮಾನ ಹತ್ತಿದವನ ಮೇಲಿನ ಹಾಡಾಯಿತು. ಬೆಂಗಳೂರಿನಲ್ಲಿ ಹೋಟೆಲಿಟ್ಟು ವರ್ಷಕ್ಕೊಮ್ಮೆ ದೀಪಾವಳಿಗೆ ಮಾತ್ರ ಊರಿಗೆ ಬರುವವನ ಮೇಲಿನ ಹಾಡೂ ಆಯಿತು. ಕವಿಗೆ ಢಾಕಾ, ನಿರ್ದೇಶಕರಿಗೆ ಅತ್ತೆ, ನಮ್ಮವರಿಗೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್. ಭಟ್ಟನಾಯಕ ಇದನ್ನೇ ಸಾಧಾರಣೀಕರಣ ಎಂದು ಕರೆದ. ಅವನ ಕಾಲಕ್ಕೆ ವೀಸಾದ ಕಿರಿಕಿರಿ ಇರಲಿಲ್ಲವಾದ್ದರಿಂದ ಸಿದ್ಧಾಂತ ಮಂಡಿಸುವುದು ಸುಲಭವಾಗಿತ್ತು.

ಇನ್ನೊಂದು ಪೂರ್ವಪಕ್ಷ ತುಸು ಗಟ್ಟಿಯಾದದ್ದು: ಹಾಡು ಕತೆಗೆ ಬಾಗಿಲು ಮಾತ್ರ, ಮನೆಯಲ್ಲ.

ಇದನ್ನು ಖಂಡಿಸಲು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ಸದಾನಂದ ಸುವರ್ಣರ ‘ಗುಡ್ಡದ ಭೂತ’ ದೂರದರ್ಶನದಲ್ಲಿ ಬಂದು ಮೂವತ್ತು ವರ್ಷ ದಾಟಿತು. ಕತೆ ಏನೆಂದು ಕೇಳಿ ನೋಡಿ. “ಎಂತದೋ ಭೂತದ್ದ್ ಮರಾಯ್ರೆ” ಎನ್ನುತ್ತಾರೆ. ಹಾಡು ಕೇಳಿ, ಶುರುವಿನಿಂದ ಕೊನೆಯ ತನಕ ಕೈ ತಟ್ಟಿ ಹಾಡುತ್ತಾರೆ. ಟಿ.ಎನ್. ಸೀತಾರಾಂ ಅವರ ‘ಮುಕ್ತ’ದಲ್ಲಿ ಕೋರ್ಟಿನ ವಾದವನ್ನು ಉಸಿರು ಬಿಗಿಹಿಡಿದು ನೋಡಿದವರು ಈಗ ಯಾವ ಕೇಸು ಯಾರು ಗೆದ್ದರೆಂದು ಹೇಳಲಾರರು. ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವಥ್ ರಾಗ ಹಾಕಿದ ಹಾಡು ಮಾತ್ರ ಬಾಯಲ್ಲಿದೆ. ಬ್ರಹ್ಮಾವರದಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿ ಹತ್ತಿದರೆ ಆಗುಂಬೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದು ಅಲ್ಲಿ. ಅದರ ಶೀರ್ಷಿಕೆಗೆ ಎಲ್. ವೈದ್ಯನಾಥನ್ ಅರ್ಥವಿರುವ ಒಂದು ಪದವನ್ನೂ ಬಳಸಲಿಲ್ಲ. ಯಾರೂ ನಿಘಂಟು ಕೇಳಲಿಲ್ಲ. ಆದ್ದರಿಂದ ಹಾಡೇ ಮನೆ, ಕತೆ ಅದರ ಹಿತ್ತಿಲು. ಹಿತ್ತಿಲಿಗೆ ಹೋಗುವುದು ಬಿಡುವುದು ಅವರವರ ಕೆಲಸವನ್ನು ಅವಲಂಬಿಸಿದೆ.

ಭರತನಿಗೂ ಇದು ಗೊತ್ತಿತ್ತು. ನಾಟ್ಯಶಾಸ್ತ್ರದ ಐದನೆಯ ಅಧ್ಯಾಯ ಪೂರಾ ಪೂರ್ವರಂಗಕ್ಕೇ ಮೀಸಲು, ನಾಟಕ ಶುರುವಾಗುವ ಮುಂಚಿನ ಗೀತ, ವಾದ್ಯ, ನಾಂದಿಗೆ. ಯಕ್ಷಗಾನದವರು ಅದನ್ನೇ ಸಭಾಲಕ್ಷಣವೆಂದು ಉಳಿಸಿಕೊಂಡರು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಲ್ಲ ಬಂದು ಕುಣಿದು ಹೋದ ಮೇಲೆ ಪ್ರಸಂಗ. ಮಂದಾರ್ತಿ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿ ಹಲವು ವರ್ಷ ಕಾಯುವ ಜನ, ಸಭಾಲಕ್ಷಣ ಮುಗಿಯುವ ತನಕ ಕಾಯುವುದು ದೊಡ್ಡದಲ್ಲ. ಆದರೆ ಕಾಲಮಿತಿ ಪ್ರಯೋಗ ಬಂತು ನೋಡಿ, ಮೊದಲು ಕತ್ತರಿ ಬಿದ್ದದ್ದು ಕೋಡಂಗಿಯ ಮೇಲೆ. ಒಟಿಟಿಯ ಪರದೆಯ ಮೂಲೆಯಲ್ಲಿ ‘ಸ್ಕಿಪ್ ಇಂಟ್ರೋ’ ಎಂಬ ಚೌಕ ಮೂಡುತ್ತದಲ್ಲ, ಅದು ಇದೇ ಪಾಪದ ಎರಡನೆಯ ಅವತಾರ. (ಕಾಲಮಿತಿಯ ಪರ ಇರುವವರು ಬೇಸರಿಸಬಾರದು. ಬೆಳಿಗ್ಗೆ ಆಫೀಸಿಗೆ ಹೋಗುವವರ ಕಷ್ಟ ಈ ಶಾಸ್ತ್ರಕ್ಕೂ ಗೊತ್ತು. ಕೋಡಂಗಿಗೂ ಅದು ಗೊತ್ತಿರಬಹುದು.)

ಇಷ್ಟಾದ ಮೇಲೆ ಮೂಲ ಸಿದ್ಧಾಂತ. ಅದರ ಹೆಸರು ಮುಂಗಡ ಕಣ್ಣೀರು. ಉರ್ದು ಶೀರ್ಷಿಕೆ ಗೀತೆ ಮುಂದೆ ಬರಲಿರುವ ಅಷ್ಟೂ ಕಂತುಗಳ ದುಃಖವನ್ನು ಒಂದೇ ಪಲ್ಲವಿಯಲ್ಲಿ ಅಳಿಸಿ ಮುಗಿಸುತ್ತದೆ. ‘ಹಮ್‌ಸಫರ್’ಗೆ 23 ಕಂತು, ‘ಜಿಂದಗಿ ಗುಲ್ಜಾರ್ ಹೈ’ಗೆ 26. ನಮ್ಮ ಧಾರಾವಾಹಿಗಳ ಸಾವಿರದ ಲೆಕ್ಕದ ಎದುರು ಇದೊಂದು ಚಹದ ಬಿಡುವು. ದುಃಖ ಮೊದಲೇ ಪಾವತಿಯಾದ್ದರಿಂದ ನೋಡುವವರು ಉಳಿದ ಹೊತ್ತಿನಲ್ಲಿ ಬಂಗುಡೆ ಕೊಯ್ಯಬಹುದು, ಗಂಜಿ ಬಸಿಯಬಹುದು, ಮೊಮ್ಮಗನ ಮಗ್ಗಿ ಕೇಳಬಹುದು. ಅಭಿನವಗುಪ್ತ ಹೇಳಿದ ರಸವಿಘ್ನಗಳಲ್ಲಿ ಬಂಗುಡೆ ಕೊಯ್ಯುವುದು ಸೇರಿಲ್ಲ.

ನಿಜವಾದ ವಿಘ್ನಗಳು ಬೇರೆ. 2016ರ ಸೆಪ್ಟೆಂಬರ್‌ನಲ್ಲಿ ಉರಿ ದಾಳಿಯಾದ ಮೇಲೆ ‘ಜಿಂದಗಿ’ ಪಾಕಿಸ್ತಾನದ ಧಾರಾವಾಹಿಗಳನ್ನು ನಿಲ್ಲಿಸಿತು. ಜನ ಯೂಟ್ಯೂಬಿಗೆ ದಾಟಿದರು. 2025ರಲ್ಲಿ ಪಹಲ್ಗಾಮ್ ದಾಳಿಯ ನಂತರ ಆ ಕಡೆಯ ಯೂಟ್ಯೂಬ್ ಚಾನೆಲ್‌ಗಳಿಗೆ ಇಲ್ಲಿ ಬೀಗ ಬಿತ್ತು, ಮೇ ತಿಂಗಳಲ್ಲಿ ಪಾಕಿಸ್ತಾನ ಮೂಲದ ಕಾರ್ಯಕ್ರಮಗಳನ್ನು ತೆಗೆಯಿರೆಂದು ಒಟಿಟಿಯವರಿಗೂ ಕೇಂದ್ರ ಸರ್ಕಾರದ ಸೂಚನೆ ಬಂತು. ಆ ಜಗಳದ ಇತ್ಯರ್ಥ ಅಲಂಕಾರಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ದಾಖಲಿಸಬೇಕಾದದ್ದು ಒಂದೇ: ಕತೆ ಅರ್ಧಕ್ಕೆ ನಿಂತದ್ದಕ್ಕೆ ನಮ್ಮ ಪಂಗಡ ಅಷ್ಟೇನೂ ಮರುಗಲಿಲ್ಲ. ಹಾಡು ಅಷ್ಟರಲ್ಲಿ ಗಂಟಲಿಗೆ ಇಳಿದಿತ್ತು, ಮಾತಿನ ಜಾಗದಲ್ಲಿ ‘ಹೂಂ ಹೂಂ’ ತುಂಬಿಕೊಂಡು.

ಇನ್ನು ಸ್ವಾಮ್ಯದ ಪ್ರಶ್ನೆ. ನಸೀರ್ ತುರಾಬಿ 2021ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಹುಟ್ಟಿದ್ದು 1945ರಲ್ಲಿ, ಹೈದರಾಬಾದಿನಲ್ಲಿ, ನಮ್ಮ ದಖ್ಖನಿನ ಹೈದರಾಬಾದಿನಲ್ಲಿ. ಆಗ ಬೀದರ, ಕಲಬುರಗಿ, ರಾಯಚೂರು ಅದೇ ನಿಜಾಮನ ರಾಜ್ಯದಲ್ಲಿದ್ದವು. ಆದ್ದರಿಂದ ಹಾಡಿನ ಕಾಲುಭಾಗವಾದರೂ ಕರ್ನಾಟಕದ್ದೆಂದು ಈ ಗ್ರಂಥ ಹಕ್ಕು ಮಂಡಿಸುತ್ತದೆ. ಮುಕ್ಕಾಲು ಕೇಳಿದರೆ ವಿದ್ವಾಂಸರು ನಗುತ್ತಾರೆ.

ಕೊನೆಗೆ ಒಟಿಟಿ ಕಂಪನಿಯವರಲ್ಲಿ ಮೂರು ತಾಲೂಕಿನ ಪರವಾಗಿ ಒಂದು ಅರಿಕೆ: ಹಾಡು ದಾಟಿಸುವ ಬಟನ್ ತೆಗೆಯಿರಿ. ಬಟನ್ ಇಡಲೇಬೇಕೆಂದಿದ್ದರೆ ಕತೆ ದಾಟಿಸುವುದೊಂದನ್ನು ಇಡಿ.