ನೀರು ನೋಡಿ ಮೀನು

ನಮ್ಮ ಚಿಕ್ಕರಸಿನಕೆರೆ, ಅಂದ್ರೆ ಸಿ.ಎ. ಕೆರೆ ಕಡೆ ಮೀನು ಅಂದ್ರೆ ಎರಡೇ ಲೆಕ್ಕ. ಕೆರೇಲಿರೋದು ಒಂದು, ಸಾರಲ್ಲಿರೋದು ಇನ್ನೊಂದು. ಈಗ ಮೂರನೇದೂ ಒಂದು ಬಂದಿದೆ, ಹಜಾರದಲ್ಲಿ ಟೀವಿ ಪಕ್ಕ ಇರೋದು. ಬೇಲಿಯಾಚೆ ಮನೆ ಹುಡುಗ ಮಂಡ್ಯದಿಂದ ಗಾಜಿನ ಟ್ಯಾಂಕ್ ಹೊತ್ತು ತಂದ ದಿನ ಅವನ ಅಜ್ಜಿ, "ಇವು ಸಾರ್‌ಗಾಯ್ತವೇನ್ಲಾ?" ಅಂತ ಕೇಳಿದ್ದು ಬೀದಿಗೆಲ್ಲ ಗೊತ್ತಿರೋ ವಿಷಯ. ಈಗ ನೋಡಿದ್ರೆ ಆ ಅಜ್ಜಿಯೇ ಬೆಳಗಾಗೆದ್ದು ಅದರ ಮುಂದೆ ಕೂತು ಎಲೆಅಡಿಕೆ ಹಾಕ್ಕೊಳ್ತಾರೆ. ಯಾವ ಮೀನು ಯಾವುದನ್ನ ಅಟ್ಟಿಸ್ಕೊಂಡು ಹೋಯ್ತು, ಯಾವುದು ಎಲೆ ಮರೇಲಿ ಕೂತಿದೆ, ಎಲ್ಲ ಅವರ ಬಾಯಲ್ಲೇ ಕೇಳಬೇಕು.

ಆ ಟ್ಯಾಂಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡೋದು ಗಪ್ಪಿ. ಬಾಲ ಬೀಸ್ಕೊಂಡು ಮೆರೆಯೋದೆಲ್ಲ ಗಂಡು, ಹೆಣ್ಣು ಪಾಪ ಬೂದಿ ಬಣ್ಣದ್ದು. ಆದ್ರೆ ಗಪ್ಪಿ ನಮ್ಮೂರಿಗೆ ಹೊಸದೇನಲ್ಲ, ಅಲ್ವಾ? ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೂ ತೊಟ್ಟಿಗೂ ಬಿಡೋ ಲಾರ್ವಾಹಾರಿ ಮೀನು ಇದೇ. ಬಾಲ ಗಿಡ್ಡ, ಬಣ್ಣ ಕಮ್ಮಿ, ಅಷ್ಟೇ ವ್ಯತ್ಯಾಸ. ಮೀನು ಸಾಕೋರು ಬಣ್ಣ ನೋಡಿ ನೋಡಿ ಕೂಡಿಸಿ ತಳಿ ಮಾಡಿದ್ದು ಈ ಹಜಾರದ ಗಪ್ಪಿ. ಇದರ ತವರು ವೆನೆಜುವೆಲಾ, ಟ್ರಿನಿಡಾಡ್ ಕಡೆ. ಟ್ರಿನಿಡಾಡಿನಲ್ಲಿದ್ದ ಗಪ್ಪಿ ಅನ್ನೋ ಒಬ್ಬರು ಲಂಡನ್ನಿನ ಮ್ಯೂಸಿಯಮ್ಮಿಗೆ ಕಳಿಸಿದ ಮೀನಿಗೆ 1866ರಲ್ಲಿ ಅವರ ಹೆಸರನ್ನೇ ಇಟ್ರು. ಆಮೇಲೆ ಗೊತ್ತಾಯ್ತು, ಅದಕ್ಕೆ ಮೊದಲೇ, 1859ರಲ್ಲೇ, ಬೇರೊಬ್ಬರು ಬೇರೆ ಹೆಸರಿಟ್ಟಾಗಿತ್ತು ಅಂತ. ಶಾಸ್ತ್ರದ ಪುಸ್ತಕದಲ್ಲಿ ಹಳೇ ಹೆಸರು ನಿಂತ್ಕೊಳ್ತು, ಜನರ ಬಾಯಲ್ಲಿ ಗಪ್ಪಿ ಉಳ್ಕೊಳ್ತು. ಕೋಲಾರದ ಹಳ್ಳಿಗಳ ಬಾವಿಗಳಿಗೆ ಇದನ್ನೇ ಬಿಟ್ಟು ಮಲೇರಿಯಾ ಸೊಳ್ಳೆಯ ಮರಿ ತಗ್ಗಿಸಿದ್ದಾರೆ ಕಣ್ರೀ. ಅಷ್ಟು ದೂರದಿಂದ ಬಂದು ಇಷ್ಟು ಊಳಿಗ ಮಾಡೋ ಜೀವ ಇನ್ಯಾವುದಿದೆ?

ಇದರದ್ದೊಂದು ವಿಚಿತ್ರ ಹೇಳ್ತೀನಿ. ಹುಡುಗ ಒಂದೇ ಒಂದು ಹೆಣ್ಣು ಗಪ್ಪಿಯನ್ನ ಬೇರೆ ಬಾಟಲಿಗೆ ಹಾಕಿಟ್ಟಿದ್ದ, ಗಂಡಿನ ಸುಳಿವೇ ಇಲ್ಲ. ಅದು ಮರಿ ಹಾಕ್ತು. ಒಂದು ತಿಂಗಳು ಬಿಟ್ಟು ಮತ್ತೆ ಹಾಕ್ತು! ಅಜ್ಜಿ ಕೆನ್ನೆ ಮೇಲೆ ಕೈ ಇಟ್ಕೊಂಡ್ರು. ಒಂದು ಸಲ ಗಂಡಿನ ಜತೆ ಕೂಡಿದ್ರೆ ವೀರ್ಯವನ್ನ ತಿಂಗಳುಗಟ್ಟಲೆ ಒಳಗೇ ಕಾಪಾಡ್ಕೊಂಡು, ಬೇಕಾದಾಗ ಬಳಸ್ಕೊಳ್ಳೋ ಶಕ್ತಿ ಅದಕ್ಕಿದೆ. ಮೊಟ್ಟೆಗಿಟ್ಟೆ ಇಲ್ಲ, ನೇರವಾಗಿ ಈಜೋ ಮರಿ. ಹೆತ್ತ ತಾಯೇ ತಿರುಗಿ ಅದನ್ನ ನುಂಗೋದೂ ಉಂಟು. ಅದಕ್ಕೇ ಗಿಡ ದಟ್ಟವಾಗಿರಬೇಕು ಅನ್ನೋದು. ಎಲೆ ಸಂದಿಗೆ ನುಗ್ಗಿದ ಮರಿ ಬದುಕ್ತು ಅಂತ ಲೆಕ್ಕ.

ಗಿಡ ಅಂದಾಗ ನೀರಿನ ಮಾತು ಬರಲೇಬೇಕು. ನಮ್ಮ ಬೋರ್‌ವೆಲ್ ನೀರು ಎಂಥಾ ಗಡಸು ಅಂತ ಸ್ನಾನದ ಹಂಡೆ ತಳ ಕೆರೆದವರಿಗೆಲ್ಲ ಗೊತ್ತು. ಹುಡುಗನಿಗೆ ಮೊದಲು ಆಸೆ ಆಗಿದ್ದು ನಿಯಾನ್ ಟೆಟ್ರಾ ಮೇಲೆ, ಆ ನೀಲಿ ಗೀಟು, ಕೆಂಪು ಪಟ್ಟೆ ನೋಡಿದ್ರೆ ಯಾರಿಗೆ ಆಸೆ ಆಗಲ್ಲ? ಅದು ಅಮೆಜಾನ್ ಕಾಡಿನ ತೊರೆ ಮೀನು, ಎಲೆ ಕೊಳೆತು ಟೀ ಬಣ್ಣಕ್ಕೆ ತಿರುಗಿದ ಮೆದು ನೀರಲ್ಲಿ ಹುಟ್ಟಿ ಬೆಳೆದದ್ದು. ನಮ್ಮ ಸುಣ್ಣದ ನೀರು ಅದಕ್ಕೆ ಒಗ್ಗೋದು ಕಷ್ಟ. ಅದೇ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ನೋಡಿ, ಗಡಸು ನೀರು ಅಂದ್ರೆ ಅವಕ್ಕೆ ಹಬ್ಬ. ಭೂಮಿ ನೋಡಿ ಬೆಳೆ ಇಡ್ತೀವಿ ತಾನೇ, ನೀರು ನೋಡಿ ಮೀನು ತರೋದರಲ್ಲೇನಿದೆ ತಪ್ಪು? ಟೆಟ್ರಾ ಬೇಕೇ ಬೇಕು ಅಂದ್ರೆ ಸೂರಿನ ಮಳೆ ನೀರು ಹಿಡಿದು ಬೆರೆಸ್ಕೊಳ್ಳಲಿ ಅಂದೆ. ನಾಲೆ ನೀರೂ ಬೋರಿನಷ್ಟು ಗಡಸಲ್ಲ. ಆದ್ರೆ ನಾಲೆ ನೀರು ನಮ್ಮ ಕೊನೇ ಭಾಗಕ್ಕೆ ಬರೋದು ಯಾವಾಗ, ನಿಲ್ಲೋದು ಯಾವಾಗ ಅಂತ ಗದ್ದೆಗೇ ಗ್ಯಾರಂಟಿ ಇಲ್ಲ, ಇನ್ನು ಮೀನಿಗೆಲ್ಲಿ! ಹಿರಿಯರು ಅದನ್ನ ಇರ್ವಿನ್ ನಾಲೆ ಅಂತಿದ್ರು, ನೆನಪಿದೆಯಾ? ಆಗಿನ ವೈಸರಾಯ್ ಹೆಸರು. ಆಮೇಲೆ ವಿಶ್ವೇಶ್ವರಯ್ಯನವರ ಹೆಸರಾಯ್ತು, ಈಗ ಎಲ್ಲರ ಬಾಯಲ್ಲೂ ವಿ.ಸಿ. ನಾಲೆ. ನಾವು ಚಿಕ್ಕವರಿದ್ದಾಗ ಅದರ ತೂಬಿನ ಹತ್ತಿರ ಟವೆಲ್ ಒಡ್ಡಿ ಸಣ್ಣ ಮೀನು ಹಿಡೀತಿದ್ವಿ. ಅದರಲ್ಲೊಂದು ಗಾಜಿನ ಮೀನು ಬರೋದು. ಅಂಗೈ ಮೇಲೆ ಇಟ್ಕೊಂಡ್ರೆ ಮುಳ್ಳೆಲ್ಲ ಎಣಿಸಬಹುದು, ಅದರಾಚೆ ನಮ್ಮ ಕೈರೇಖೆ ಕಾಣೋದು.

ಆ ಮೀನನ್ನ ಅಕ್ವೇರಿಯಂ ಅಂಗಡಿಯಲ್ಲೂ ಮಾರ್ತಾರೆ. ಮೈಯೊಳಗೆ ಸೂಜಿ ಚುಚ್ಚಿ ಗುಲಾಬಿ, ಹಸಿರು ಬಣ್ಣ ತುಂಬಿ ಮಾರೋದೂ ಇದೆ. ಬಣ್ಣ ಕೆಲವು ತಿಂಗಳಿಗೆ ಮಾಸುತ್ತೆ, ಗಾಯದಿಂದ ಎಷ್ಟೋ ಸಾಯ್ತವೆ. ದಯವಿಟ್ಟು ಅಂಥದ್ದು ಕೊಳ್ಳಬೇಡಿ. ಹುಟ್ಟಿನ ಬಣ್ಣದವೇ ಅಷ್ಟು ಚೆಂದದವು ಇರೋವಾಗ ಆ ಹಿಂಸೆಗೆ ಯಾಕೆ ದುಡ್ಡು ಕೊಡಬೇಕು, ಹೇಳಿ.

ಗಿಡಕ್ಕೆ ಬಂದೆ. ರಿಬ್ಬನ್ ಹಾಗೆ ಉದ್ದುದ್ದ ಎಲೆ ಬಿಡೋ ವ್ಯಾಲಿಸ್ನೇರಿಯಾ ನಮ್ಮ ನೀರಿಗೆ ಹೇಳಿ ಮಾಡಿಸಿದ್ದು. ಗಡಸು ನೀರಲ್ಲಿರೋ ಬೈಕಾರ್ಬನೇಟನ್ನೇ ಹೀರಿ ಉಣ್ಣುತ್ತೆ, ಎಲೆ ಮೇಲೆ ಬಿಳೀ ಸುಣ್ಣ ಕೂರುತ್ತೆ, ಅದೇ ಗುರುತು. ಗದ್ದೆ ಬದುವಿನ ನೀರುಬ್ರಾಹ್ಮಿಯೂ ಟ್ಯಾಂಕಿನೊಳಗೆ ಚೆನ್ನಾಗಿ ಬರುತ್ತೆ. ಅದನ್ನೇ ಅಂಗಡೀಲಿ ಕಟ್ಟು ಕಟ್ಟಿ ಮಾರ್ತಾರೆ ಅಂದ್ರೆ ಅಜ್ಜಿ ನಂಬಲೇ ಇಲ್ಲ. ಕಿತ್ತು ತಂದದ್ದನ್ನ ಮಾತ್ರ ಹಾಗೇ ಹಾಕಬಾರದು. ಗದ್ದೆಗೆ ಹೊಡೆದ ಔಷಧಿ ಅಂಟಿರುತ್ತೆ, ಏರೋಪ್ಲೇನ್ ಚಿಟ್ಟೆಯ ಮರಿ ಬಂದು ಗಪ್ಪಿ ಮರಿ ಹಿಡಿದು ತಿನ್ನುತ್ತೆ, ಬಸವನಹುಳುವಿನ ಮೊಟ್ಟೆ ಬೇರೆ. ಪಟಿಕದ ನೀರಲ್ಲಿ ಅದ್ದಿ, ತೊಳೆದು, ಬಕೆಟ್ಟಿನಲ್ಲಿ ಒಂದಷ್ಟು ದಿನ ನೀರು ಬದಲಾಯಿಸ್ತಾ ಇಟ್ಟು ಆಮೇಲೆ ನೆಡೋದು.

ಟ್ಯಾಂಕ್ ತುಂಬಿಸಿದ ದಿನವೇ ಮೀನು ಬಿಡಬಾರದು ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಹೇಳಲ್ಲ. ನಮ್ಮ ಕಡೆಯವರಿಗೆ ಹೇಳೋದು ಸುಲಭ. ಕಬ್ಬಿಗೆ ಯೂರಿಯಾ ಹಾಕಿದ ಮೇಲೆ ಮಣ್ಣೊಳಗೆ ಅದು ಅಮೋನಿಯಾ ಆಗಿ, ನೈಟ್ರೈಟ್ ಆಗಿ, ನೈಟ್ರೇಟ್ ಆಗಿ ಬೇರಿಗೆ ಸಿಗುತ್ತಲ್ಲ, ಮೀನಿನ ಹೊಲಸೂ ಟ್ಯಾಂಕಿನಲ್ಲಿ ಅದೇ ದಾರಿ ಹಿಡಿಯುತ್ತೆ. ಅದನ್ನ ಮಾಡೋ ಕಣ್ಣಿಗೆ ಕಾಣದ ಜೀವಾಣುಗಳು ಜಲ್ಲಿಯಲ್ಲಿ, ಸ್ಪಂಜಿನಲ್ಲಿ ಮನೆ ಮಾಡೋಕೆ ನಾಲ್ಕಾರು ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದ್ರೆ ಅಮೋನಿಯಾಕ್ಕೇ ಸಾಯ್ತವೆ. ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ತಿಕ್ಕಬಾರದು ಅನ್ನೋದೂ ಇದಕ್ಕೇ. ಕ್ಲೋರಿನ್ ನೀರು ಬಿದ್ರೆ ಆ ಜೀವಾಣುಗಳ ಕತೆ ಮುಗೀತು. ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ ವಾಪಸ್ ಹಾಕೋದು.

ಇನ್ನು ಸಹವಾಸ. ಏಂಜಲ್ ಮೀನಿನ ಹೆಸರು ನೋಡಿ ಮೋಸ ಹೋಗಬೇಡಿ, ದೊಡ್ಡದಾದ ಮೇಲೆ ಬಾಯಿಗೆ ಹಿಡಿಸೋ ನಿಯಾನನ್ನ ಗುಳುಂ ಮಾಡುತ್ತೆ. ಟೈಗರ್ ಬಾರ್ಬ್ ಗಪ್ಪಿಯ ಬಾಲ ಕಿತ್ತು ಕಿತ್ತು ತಿನ್ನುತ್ತೆ. ತಳದಲ್ಲಿ ಮೀಸೆ ಆಡಿಸ್ಕೊಂಡು ಕೆದಕೋ ಕೋರಿ ಮಾತ್ರ ಅಪ್ಪಟ ಸಾಧು. ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಚಿಮ್ಮಿ ಒಂದು ಗುಟುಕು ಗಾಳಿ ಕುಡಿದು ಮತ್ತೆ ತಳ ಸೇರುತ್ತೆ. ಆ ಗಾಳಿ ಕರುಳಿಗೆ ಹೋಗಿ ಉಸಿರಾಗುತ್ತಂತೆ! ಗೌರಾಮಿಯೂ ಗಾಳಿ ಕುಡಿಯೋ ಜಾತಿಯೇ, ನಮ್ಮ ಕೆರೆಯ ಕೊರವನೂ ಅದೇ ಪೈಕಿ. ಬೇಸಿಗೇಲಿ ನೀರು ತಗ್ಗಿದಾಗ ಕೊರವ ಬುಳುಕ್ ಅಂತ ಮೇಲೆ ಬಂದು ಹೋಗೋದನ್ನ ಏರಿ ಮೇಲೆ ನಿಂತು ನೋಡಿದ್ದೀರಲ್ಲ?

ಮೊನ್ನೆ ಹುಡುಗನ ಜತೆ ಸ್ವಲ್ಪ ಜೋರಾಗೇ ಮಾತಾಯ್ತು. ಗಾಜಿನ ಪಾಚಿ ತಿನ್ನುತ್ತೆ ಅಂತ ಅಂಗಡಿಯವರು ಕೊಟ್ಟಿದ್ದ ಸಕ್ಕರ್ ಮೀನು ಗೇಣುದ್ದ ಆಗಿಬಿಟ್ಟಿದೆ. "ಕೆರೆಗೆ ಬಿಟ್ಬುಡ್ತೀನಿ ಕಣಣ್ಣ, ಅಲ್ಲೇ ಬದ್ಕೊಳ್ಲಿ" ಅಂದ. ಅದು ಬದುಕಿಬಿಡೋದೇ ತೊಂದರೆ ಕಣಪ್ಪ ಅಂದೆ. ಅದು ದಕ್ಷಿಣ ಅಮೆರಿಕದ್ದು, ಮೈಯೆಲ್ಲ ಗುರಾಣಿ, ಕೇರಳ, ಆಂಧ್ರ, ತಮಿಳುನಾಡಿನ ಎಷ್ಟೋ ಕೆರೆ ಹೊಳೆಗಳಲ್ಲಿ ಆಗಲೇ ಹಬ್ಬಿದೆ. ದಡದಲ್ಲಿ ಬಿಲ ತೋಡುತ್ತೆ, ಅದರ ಮುಳ್ಳಿಗೆ ಸಿಕ್ಕಿ ಬಲೆ ಹರಿಯುತ್ತೆ, ಹಿಡಿದ್ರೆ ಕೊಳ್ಳೋರಿಲ್ಲ. ನಮ್ಮ ಗೆಂಡೆ, ಕೊರವ ಏನು ಪಾಪ ಮಾಡಿವೆ? ಕೆರೆಯಿಂದ ಶಿಂಷಾ, ಶಿಂಷಾದಿಂದ ಕಾವೇರಿ ಎಷ್ಟು ದೂರ? ಅಜ್ಜಿ ಒಳಗಿಂದಲೇ ಕೇಳಿಸ್ಕೊಂಡು, "ಅಣ್ಣ ಯೋಳೋದು ದಿಟ ಕಣ್ಲಾ, ತಕಂಡೋಗಿ ಅಂಗಡೀಗೇ ಕೊಟ್ಬುಟ್ಟು ಬಾ" ಅಂತ ಗದರಿದ್ರು. ಹುಡುಗ ಮರುದಿನವೇ ಬಕೆಟ್ಟಿನಲ್ಲಿ ಹಾಕ್ಕೊಂಡು ಮಂಡ್ಯ ಬಸ್ ಹತ್ತಿದ. ಅಂಗಡಿಯವರು ವಾಪಸ್ ತಗೊಂಡು ಬದಲಿಗೆ ಮೂರು ಪ್ಲಾಟಿ ಕೊಟ್ಟಿದ್ದಾರೆ, ಕಿತ್ತಳೆ ಬಣ್ಣದವು. ಈ ಕಡೆ ಬಂದಾಗ ಹಾಗೇ ಒಳಗೆ ಬಂದು ನೋಡ್ಕೊಂಡು ಹೋಗಿ.