ಅಂಗಿ ಜೇಬಿನ ವಿಜ್ಞಾನ

ಹೆಸರಘಟ್ಟದಂಥ ವೀರ್ಯ ಕೇಂದ್ರಕ್ಕೆ ಹೋರಿಯೊಂದು ಸೇರಬೇಕಾದರೆ ಅದಕ್ಕೆ ಕ್ಷಯ, ಬ್ರೂಸೆಲ್ಲೋಸಿಸ್ ಇಲ್ಲವೆಂದು ಪರೀಕ್ಷೆಯಾಗಬೇಕು, ತಾಯಿ ಕೊಟ್ಟ ಹಾಲಿನ ಲೆಕ್ಕ ಬೇಕು. ಇಷ್ಟು ತಪಾಸಣೆ ಅಭ್ಯರ್ಥಿಗಳಿಗೂ ಇದ್ದಿದ್ದರೆ ಚುನಾವಣೆಗೆ ನಿಲ್ಲುವವರೇ ಸಿಗುತ್ತಿರಲಿಲ್ಲ. ಆಮೇಲೆ ವೀರ್ಯಕ್ಕೆ ಗ್ಲಿಸರಾಲ್ ಬೆರೆಸಿದ ದ್ರಾವಣ ಸೇರಿಸಿ, ಕಾಲು ಮಿಲಿಲೀಟರ್ ಹಿಡಿಯುವ ಕಡ್ಡಿಗೆ ಸುಮಾರು 2 ಕೋಟಿ ವೀರ್ಯಾಣುಗಳಂತೆ ತುಂಬಿ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಮುಳುಗಿಸಿಡುತ್ತಾರೆ.

ಈ ರಾಜೋಪಚಾರವೆಲ್ಲ ಊರ ಬಾಗಿಲಿನವರೆಗೆ.

'ಹಸು ಹೀಟಿಗೆ ಬಂದಿದೆ ಡಾಕ್ಟ್ರೇ' ಎಂದು ಫೋನು ಬಂತೋ, ಸಾರಜನಕದ ಕಂಟೇನರಿನ ಮುಚ್ಚಳ ತೆರೆಯಿತು. ಕಡ್ಡಿಗಳ ಗೊಂಚಲು ಕಂಟೇನರಿನ ಕತ್ತು ದಾಟಿ ಮೇಲೆ ಬರಕೂಡದು ಎಂಬುದು ತರಬೇತಿಯ ಮೊದಲ ಪಾಠ. ಆದರೆ ಜರ್ಸಿಯೋ ಎಚ್ಚೆಫ್ಫೋ ಎಂದು ಓದಲು ಬೆಳಕು ಬೇಡವೆ? ಇಡೀ ಗೊಂಚಲನ್ನೇ ಬಿಸಿಲಿಗೆ ಹಿಡಿದು, ಬೇಕಾದ ಒಂದನ್ನು ಆರಿಸಿ, ಉಳಿದವನ್ನು ಮತ್ತೆ ಇಳಿಬಿಟ್ಟರಾಯಿತು. ಒಡೆದ ಹಾಲು ನೋಡಿದೊಡನೆ ಗೊತ್ತಾಗುತ್ತದೆ. ಸತ್ತ ವೀರ್ಯಾಣುಗಳ ಕಡ್ಡಿ ಮಾತ್ರ ಬದುಕಿರುವವುಗಳ ಕಡ್ಡಿಯಷ್ಟೇ ಚೆಂದ.

ಇನ್ನು ಕರಗಿಸುವ ಬಾಬತ್ತು. 37 ಡಿಗ್ರಿ ನೀರು, 30 ಸೆಕೆಂಡು, ಒರೆಸಲು ಒಣಬಟ್ಟೆ. 1939ರಲ್ಲಿ ಮೈಸೂರಿನ ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ದೇಶದ ಮೊದಲ ಕೃತಕ ಗರ್ಭಧಾರಣೆ ಮಾಡಿದಾಗ ಸಾರಜನಕದ ಕಂಟೇನರಾಗಲಿ, ಹೆಪ್ಪುಗಟ್ಟಿಸಿದ ಕಡ್ಡಿಯಾಗಲಿ ಇರಲಿಲ್ಲ. ಈಗ ಎಲ್ಲವೂ ಉಂಟು, ಅರ್ಧ ನಿಮಿಷವೊಂದು ಬಿಟ್ಟು. ಹಾಗಾಗಿ ಕಡ್ಡಿ ಅಂಗಿ ಜೇಬಿಗಿಳಿಯುತ್ತದೆ. ಮನುಷ್ಯನ ಮೈಯೂ 37 ಡಿಗ್ರಿಯೇ ಎಂಬುದು ಶಾಸ್ತ್ರಾಧಾರ. ಜೇಬಿನದೆಷ್ಟು ಎಂಬುದು ಬೆವರಿಗೇ ಗೊತ್ತು.

ಹಸುವಿನ ಯಜಮಾನರೇನೂ ಕಡಿಮೆಯಿಲ್ಲ. ಬೆಳಗ್ಗೆ ಬೆದೆ ಕಂಡರೆ ಸಂಜೆ ಕಡ್ಡಿ ಹಾಕಿಸಬೇಕು. ಇವರು ನೆಂಟರ ಮದುವೆಯೂಟ ಮುಗಿಸಿ ಮಾರನೆಯ ದಿನ ಫೋನು ಮಾಡಿ, 'ಬೇಗ ಬನ್ನಿ ಡಾಕ್ಟ್ರೇ' ಎಂದು ಅವಸರಿಸುತ್ತಾರೆ.

21 ದಿನಕ್ಕೆ ಹಸು ಮತ್ತೆ ಕೂಗುತ್ತದೆ. ತನಿಖೆ ಶುರು. ಆರೋಪಿ ಒಬ್ಬಳೇ, ಬಾಯಿ ಬಾರದವಳು. ಗರ್ಭಕೋಶ ತೊಳೆಸುತ್ತಾರೆ, ಖನಿಜ ಮಿಶ್ರಣ ತಿನ್ನಿಸುತ್ತಾರೆ, ಮನೆದೇವರಿಗೆ ಹರಕೆ ಹೊರುತ್ತಾರೆ. ಕಂಟೇನರಿನಲ್ಲಿ ಸಾರಜನಕ ಎಷ್ಟುಳಿದಿದೆ ಎಂದು ಅಳತೆಕೋಲು ಇಳಿಸಿ ನೋಡುವುದು ಮಾತ್ರ ಯಾರ ಹರಕೆಯಲ್ಲೂ ಇಲ್ಲ. ಮೂರು ಸಲ ತಿರುಗಿದರೆ ಅವಳು ಗೊಡ್ಡು. ಸಂತೆಗೆ ಹಗ್ಗ ಹಿಡಿದು ನಡೆಸಿದರಾಯಿತು.

ರಿಜಿಸ್ಟರಿನಲ್ಲಿ ಎಲ್ಲವೂ ಸೊಗಸು. ಗುರಿ ಇರುವುದು ಹಾಕಿದ ಕಡ್ಡಿಗೆ. ಒಂದು ಹಸುವಿಗೆ ಮೂರು ಕಡ್ಡಿ ಎಂದರೆ ಮೂರು ಸಾಧನೆ. ನೀರಿನ ಬಿಸಿ ನೋಡಿ, ಕಡ್ಡಿ ಒರೆಸಿ, ಒಂದೇ ಸಲಕ್ಕೆ ಗಬ್ಬ ನಿಲ್ಲಿಸುವವನ ಸಾಧನೆ ಅದರಲ್ಲಿ ಮೂರನೆಯ ಒಂದು ಪಾಲು. ಅಂಥ ಸೋಮಾರಿಗೆ ನೋಟಿಸ್ ಕೊಡದೆ ಇನ್ನಾರಿಗೆ ಕೊಡಬೇಕು?